ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದರೆ ಸದ್ದಿಲ್ಲ

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ 1.3 ಲೀಟರ್ ಟರ್ಬೊ ಡೀಸೆಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಅನ್ನುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ. ಆಗುಂಬೆ ಘಾಟಿ ಹತ್ತುವಾಗ ಮೊದಲಿನ ಎಳೆತ ಇಲ್ಲ, ಕಪ್ಪು ಹೊಗೆ ಜಾಸ್ತಿ. ಮೆಕ್ಯಾನಿಕ್ ‘ಟರ್ಬೊ ಹೋಗಿದೆ, ಹೊಸದು ಹಾಕಿಸಿ’ ಅಂತಾರೆ. ಹಾಕಿಸಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಈಗಲೇ ಬೇಡ. ನೀವು ಹೇಳಿದ ಆ ಐದು ನಿಮಿಷದ ಸದ್ದಿನಿಂದ ನನಗೆ ಅನುಮಾನ ಬರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ. ಮ್ಯಾನಿಫೋಲ್ಡ್ ಅಂದರೆ ಎಂಜಿನ್ ಹೊಗೆಯನ್ನು ಟರ್ಬೊಗೆ ಒಯ್ಯುವ ಕೊಳವೆ, ಗ್ಯಾಸ್ಕೆಟ್ ಅಂದರೆ ಅದು ಎಂಜಿನ್‌ಗೆ ಕೂಡುವ ಸಂದು ಮುಚ್ಚುವ ತೆಳು ಹಾಳೆ. ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಬಿಸಿಯಾಗಿ ಹಿಗ್ಗಿದಾಗ ಸಂದು ಬಹುತೇಕ ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಆದರೆ ಘಾಟಿಯಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಅಲ್ಲಿಂದ ಮತ್ತೆ ಸೋರಬಹುದು. ಟರ್ಬೊ ತಿರುಗುವುದೇ ಎಕ್ಸಾಸ್ಟ್ ಹೊಗೆಯ ರಭಸಕ್ಕೆ. ಆ ಹೊಗೆ ಮೊದಲೇ ಸೋರಿಹೋದರೆ ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ಒತ್ತಿ ತುಂಬುವ ಗಾಳಿ, ಎಲ್ಲಿಂದ ಬರಬೇಕು? ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಕಪ್ಪು ಹೊಗೆ ಅದರಿಂದಲೇ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ಮ್ಯಾನಿಫೋಲ್ಡ್ ಹೆಡ್‌ಗೆ (ಎಂಜಿನ್‌ನ ಮೇಲ್ಭಾಗಕ್ಕೆ) ಕೂರುವ ಜಾಗದಲ್ಲಿ ಬೀಸಣಿಗೆ ಬಿಚ್ಚಿದಂತೆ ಮಸಿ ಹರಡಿದ್ದರೆ ಸೋರುವುದು ಅಲ್ಲೇ. ಸೋಪು ನೀರು ಹಚ್ಚಿ ಸ್ಟಾರ್ಟ್ ಮಾಡಿಸಿ, ಗುಳ್ಳೆ ಏಳುತ್ತದೆ. ರಿಪೇರಿ ಆಗುವವರೆಗೆ ಕಿಟಕಿ ಇಳಿಸಿಕೊಂಡೇ ಓಡಿಸಿ. ಆ ಹೊಗೆ ಒಳಗೆ ಬರುತ್ತದೆ, ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು.

ಇನ್ನು ಬಿಚ್ಚುವ ಕೆಲಸ. ಗ್ಯಾಸ್ಕೆಟ್ ಅಗ್ಗ, ಕಷ್ಟವೆಲ್ಲ ಸ್ಟಡ್‌ಗಳದ್ದು, ಅಂದರೆ ಮ್ಯಾನಿಫೋಲ್ಡ್ ಹಿಡಿದಿಡುವ ತಿರುಪು ಕಡ್ಡಿಗಳದ್ದು. ವರ್ಷಗಟ್ಟಲೆ ಕಾದು ತಣಿದು ತುಕ್ಕು ಹಿಡಿದಿರುತ್ತವೆ. ಹಿಂದೊಮ್ಮೆ ನಾನು ಅವಸರಕ್ಕೆ ಎಂಜಿನ್ ಬೆಚ್ಚಗಿರುವಾಗಲೇ ಸ್ಪ್ಯಾನರ್ ಹಾಕಿದೆ. ನಟ್ ಒಂದಿಷ್ಟು ತಿರುಗಿತು, ಕೈಗೆ ಮೆತ್ತಗಾಯಿತು, ಆಮೇಲೆ ಟಕ್ ಅಂತ ಸ್ಟಡ್ ಹೆಡ್ ಮಟ್ಟಕ್ಕೇ ಮುರಿಯಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಎರಡು ಸಂಜೆ ಬೇಕಾಯಿತು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕೆಟ್ಟರೆ ಖರ್ಚು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ. ನಟ್ ಬಿಗಿ ಅನ್ನಿಸಿದರೆ ಸ್ವಲ್ಪ ಬಿಚ್ಚಿ, ಮತ್ತೆ ಸ್ವಲ್ಪ ಬಿಗಿದು, ಎಣ್ಣೆ ಬಿಡುತ್ತಾ ತೆಗೆಯಲಿ. ನಟ್‌ಗಳನ್ನೆಲ್ಲ ಹೊಸದು ಹಾಕಿಸಿ, ಸೊರಗಿದ ಸ್ಟಡ್‌ಗಳನ್ನೂ ಬದಲಿಸಿ.

ಮ್ಯಾನಿಫೋಲ್ಡ್ ಕೆಳಗಿಳಿದ ಮೇಲೆ ಅದರ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು, ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ಸಂದು ನೋಡಲೇಬೇಕು. ಡೊಂಕಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ, ಮುಖ ಸಮವಾಗಲಿ. ಸುಮ್ನೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಆರು ತಿಂಗಳಿಗೆ ಮತ್ತೆ ಟಿಕ್ ಟಿಕ್. ಸಿಲಿಕಾನ್ ಪೇಸ್ಟ್ ಮಾತ್ರ ಹಚ್ಚಲು ಬಿಡಬೇಡಿ. ಪೂರ್ತಿ ಲೋಡ್‌ನಲ್ಲಿ ಆ ಜಾಗ 700 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಪೇಸ್ಟ್ ಸುಟ್ಟು ಚೂರಾಗಿ ನೇರ ಟರ್ಬೊ ರೆಕ್ಕೆಗೇ ಬಡಿಯುತ್ತದೆ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಲಿ.

ಟರ್ಬೊದ ಆಯಿಲ್ ಪೈಪ್ ಬಿಚ್ಚಿದ್ದರೆ ಹೊಸ ತಾಮ್ರದ ವಾಷರ್ ಬೇಕು. ಮೊದಲ ಸ್ಟಾರ್ಟ್‌ಗೆ ಮುಂಚೆ ಟರ್ಬೊ ಒಳಗೆ ಒಂದಿಷ್ಟು ಶುದ್ಧ ಆಯಿಲ್ ಬಿಡಲಿ. ಒಣ ಬೇರಿಂಗ್ ಮೇಲೆ ಶಾಫ್ಟ್ ತಿರುಗಬಾರದು.

ನಿಮ್ಮ ಮೆಕ್ಯಾನಿಕ್ ಅನುಮಾನವನ್ನೂ ಆಗಲೇ ಬಗೆಹರಿಸಿಕೊಳ್ಳಿ, ಹೇಗೂ ಟರ್ಬೊ ಕೈಗೆ ಸಿಕ್ಕಿರುತ್ತದೆ ಅಲ್ವಾ? ಬೆರಳಲ್ಲಿ ಚಕ್ರ ತಿರುಗಿಸಿ ನೋಡಿ. ಅಕ್ಕಪಕ್ಕ ಚೂರು ಅಲುಗಿದರೆ ಚಿಂತೆಯಿಲ್ಲ. ಹಿಂದೆ ಮುಂದೆ ಜಗ್ಗಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಹೊಸ ಟರ್ಬೊ ಮಾತು ಎತ್ತಿ.