ತಪ್ಪು ನನ್ನದೇ ಆದರೆ ಎಲ್ಲರೆದುರು ಬೈಸಿಕೊಳ್ಳಬೇಕಾ?

ನನ್ನ ಹತ್ತಿರ ಸಲಹೆಗೆ ಬರುವ ಬೇರೆ ಬೇರೆಯವರ ಬಾಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳಿಸುತ್ತಿದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಆಕೆಯ ಒಪ್ಪಿಗೆಯೂ ಇದೆ.

ಮೂವತ್ತೈದರ ಆಸುಪಾಸಿನ ಮಹಿಳೆ. ತಿಂಗಳ ವರದಿ ತಯಾರಿಸುವುದು ಆಕೆಯ ಕೆಲಸ, ಅದರಲ್ಲಿ ಹಲವು ವರ್ಷದ ಅನುಭವ. ಒಂದು ಸಲ ಹಿಂದಿನ ತಿಂಗಳ ಅಂಕಿಗಳು ಹೊಸ ವರದಿಯಲ್ಲಿ ಹಾಗೇ ಉಳಿದುಬಿಟ್ಟವು. ಬಾಸ್ ಅದನ್ನು ಮೀಟಿಂಗ್‌ನಲ್ಲಿ ಸ್ಕ್ರೀನ್ ಮೇಲೆ ಹಾಕಿ, ಇಡೀ ಟೀಮ್ ಎದುರು, ಮೊನ್ನೆ ಮೊನ್ನೆ ಸೇರಿದ ಹುಡುಗರ ಎದುರೂ ತರಾಟೆಗೆ ತೆಗೆದುಕೊಂಡರು. ಆಕೆ ನನ್ನ ಹತ್ತಿರ ಬರುವ ಹೊತ್ತಿಗೆ ನಿದ್ದೆ ಕೆಟ್ಟಿತ್ತು. ಕಳಿಸುವ ಒಂದೊಂದು ಮೇಲ್ ಅನ್ನೂ ಐದಾರು ಸಲ ಓದುತ್ತಿದ್ದರು. ನಾಳೆ ಮೀಟಿಂಗ್ ಅಂದರೆ ಇವತ್ತು ರಾತ್ರಿಯೇ ಹೊಟ್ಟೆ ತೊಳಸಲು ಶುರು.

ಮೊದಲ ಭೇಟಿ ಅಳುವಿನಲ್ಲೇ ಮುಗಿಯಿತು. ನಾನು ಹೇಳಬೇಕಾದದ್ದು ಎರಡನೆಯದರ ಬಗ್ಗೆ.

"ನಿಮಗೆ ಅನ್ನಿಸಿದ್ದು ಬೇಡ, ಅವರ ಬಾಯಿಂದ ಬಂದದ್ದನ್ನು ಮಾತ್ರ ಹಾಗೇ ಹೇಳಿ" ಅಂದೆ.

"'ಇಷ್ಟು ವರ್ಷ ಆದ್ಮೇಲೂ ಇದನ್ನ ನಾನು ಕೂತು ಹೇಳ್ಕೊಡ್ಬೇಕಾ? ಇಂಥ ಕೆಲಸಕ್ಕೆ ಸಂಬಳ ಬೇರೆ' ಅಂದ್ರು. ಯಾವುದಕ್ಕೂ ಲಾಯಕ್ಕಿಲ್ಲ ಅಂದ್ರು. ಇಡೀ ಟೀಮಿಗೆ ನಾನೇ ಭಾರ ಅಂದ್ರು."

"ಕೊನೆಯ ಎರಡೂ ಅವರೇ ಹೇಳಿದ್ರಾ?"

ಆಕೆ ತುಂಬ ಹೊತ್ತು ಯೋಚಿಸಿದರು. "ಇಲ್ಲ... ಅದು ರಾತ್ರಿ ಮಲಗಿದಾಗ ನನಗೇ ಅನ್ನಿಸಿದ್ದು."

ಬಾಸ್ ಆಡಿದ್ದು ಎರಡು ಮಾತು, ಅವೇನು ಸಣ್ಣವಲ್ಲ. ಅದರ ಮೇಲೆ ಆಕೆಯೇ ಸೇರಿಸಿಕೊಂಡಿದ್ದು ಎಷ್ಟೋ, ಅವೂ ಬಾಸ್‌ನ ದನಿಯಲ್ಲೇ ಕೇಳಿಸುತ್ತಿದ್ದವು. ಆಮೇಲೆ ಅವರ ಜೊತೆ ಮಾತಾಡಿದ್ರಾ ಅಂತ ಕೇಳಿದೆ. ಆಗ ಬಂದ ಉತ್ತರ ಇದು:

"ಏನಂತ ಮಾತಾಡ್ಲಿ ಮೇಡಂ? ತಪ್ಪು ನನ್ನದೇ ತಾನೇ? ತಪ್ಪು ಮಾಡಿದವಳಿಗೆ ಬಾಯಿ ಎಲ್ಲಿಂದ ಬರಬೇಕು?"

ನನಗೆ ಮತ್ತೆ ಮತ್ತೆ ಕೇಳಿಸುವ ಮಾತು ಇದೇ. ಸುಳ್ಳು ಆರೋಪ ಆಗಿದ್ದರೆ ಆಕೆ ಖಂಡಿತ ಎದ್ದು ನಿಲ್ಲುತ್ತಿದ್ದರು. ತಪ್ಪು ನಿಜವಾದ್ದರಿಂದ ಅದರ ಜೊತೆ ಬಂದ ಹಂಗಿಸುವಿಕೆಯೂ ನ್ಯಾಯವೇ ಅಂತ ಒಪ್ಪಿಕೊಂಡುಬಿಟ್ಟಿದ್ದರು. ನಾನು ಇದನ್ನು ಒಪ್ಪುವುದಿಲ್ಲ, ಯಾವತ್ತೂ ಒಪ್ಪಿಲ್ಲ. ವರದಿ ಸರಿ ಮಾಡುವ ಹೊಣೆ ಆಕೆಯದ್ದು. ಹತ್ತು ಜನರೆದುರು ಮಾನ ತೆಗೆದದ್ದರ ಹೊಣೆ ತೆಗೆದವರದ್ದು. ಮೊದಲನೆಯದು ನಿಜ ಅನ್ನುವ ಕಾರಣಕ್ಕೆ ಎರಡನೆಯದು ಸರಿಯಾಗುವುದಿಲ್ಲ. ಇದನ್ನೇ ಆಕೆಗೆ ಹೇಳಿದೆ, ಅಷ್ಟೇ ನೇರವಾಗಿ.

"ನಾನೇ ಜಾಸ್ತಿ ಸೂಕ್ಷ್ಮ ಇರಬೇಕು" ಅಂದರು. ಅದೂ ಅಲ್ಲ. 2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಎಂಬ ಮನಶ್ಶಾಸ್ತ್ರಜ್ಞೆಯರು ಒತ್ತಡದ ಬಗ್ಗೆ ನಡೆದಿದ್ದ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ, ನಮ್ಮ ಕೈಯಲ್ಲಿ ಏನೂ ಇಲ್ಲ, ಈ ಎರಡೂ ಕೂಡಿದಾಗಲೇ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಅತಿ ಹೆಚ್ಚು ಏರುತ್ತದೆ, ಇಳಿಯಲು ತಡವೂ ಆಗುತ್ತದೆ ಅನ್ನುವುದು ಅವರು ಕಂಡದ್ದು. ಸ್ಕ್ರೀನ್ ಮೇಲೆ ನಿಮ್ಮ ತಪ್ಪು, ಸುತ್ತ ಅಷ್ಟೂ ಕಣ್ಣು, ಎದ್ದು ಹೋಗುವಂತಿಲ್ಲ, ಉತ್ತರ ಕೊಡುವಂತಿಲ್ಲ. ಕಿವಿ ಬಿಸಿಯಾಗಿ ನಾಲಿಗೆ ಒಣಗಿದ್ದು ದೇಹ ತನ್ನ ಕೆಲಸ ಮಾಡಿದ್ದು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಸಲಹೆ ಹೀಗಿತ್ತು. ಒಂದು ಹಾಳೆಯಲ್ಲಿ ಬಾಸ್ ಆಡಿದ ಮಾತು, ತಾರೀಖು. ಕೆಳಗೆ ಗೆರೆ ಎಳೆದು, ತಾನೇ ಸೇರಿಸಿಕೊಂಡದ್ದು. ಆಮೇಲೆ ತಪ್ಪು ಹೇಗಾಯ್ತು ಅಂತ ಹುಡುಕುವುದು. ಹಳೇ ಫೈಲ್ ಕಾಪಿ ಮಾಡಿ ಅದರ ಮೇಲೇ ಕೆಲಸ ಮಾಡುವ ಅಭ್ಯಾಸ ಇತ್ತು, ಅದನ್ನು ಬಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತಿತ್ತು. ಕೊನೆಗೆ ಬಾಸ್ ಸಮಾಧಾನವಾಗಿರುವ ಹೊತ್ತು ನೋಡಿ ಹತ್ತು ನಿಮಿಷ ಕೇಳಿ, ಮೊದಲು ಏನು ಸರಿ ಮಾಡಿದೆ ಅಂತ ಹೇಳಿ, ನಂತರ ಇಷ್ಟು: "ತಪ್ಪಿದ್ರೆ ಖಂಡಿತ ಹೇಳಿ ಸರ್. ಆದ್ರೆ ಎಲ್ಲರೆದುರು ಹಾಗೆ ಹೇಳಿದ್ದು ನನಗೆ ತುಂಬಾ ನೋವಾಯ್ತು. ಇನ್ಮುಂದೆ ನನ್ನನ್ನ ಕರೆದು ಹೇಳಿ." ಅಲ್ಲಿಗೆ ನಿಲ್ಲಿಸಬೇಕು. ನನ್ನೆದುರೇ ಹೇಳಿ ಅಭ್ಯಾಸ ಮಾಡಿದರು. ಪ್ರತಿ ವಾಕ್ಯದ ಮುಂದೂ "ಸಾರಿ ಸರ್" ಬರುತ್ತಿತ್ತು. ವರದಿಗೆ ಒಮ್ಮೆ ಕ್ಷಮೆ ಕೇಳಿ, ಎರಡನೇ ಮಾತಿಗೆ ಕ್ಷಮೆ ಬೇಡವೇ ಬೇಡ ಅಂದೆ.

ಹೀಗೆ ನೇರವಾಗಿ ಕಳಿಸಿದ್ದು ಸರಿಯಾ ಅಂತ ಕೇಳಿದವರಿದ್ದಾರೆ. ಮರೆತುಬಿಡಿ ಅನ್ನಬಹುದಿತ್ತಲ್ಲ, ಕೆಲಸ ಬಿಡಿ ಅನ್ನಬಹುದಿತ್ತಲ್ಲ ಅಂತ. ಮರೆಯಲು ಆಕೆ ಪಟ್ಟ ಪಾಡು ಸಾಲದೇ? ಕೆಲಸ ಬಿಟ್ಟರೆ "ನಾನು ಲಾಯಕ್ಕಿಲ್ಲ" ಅನ್ನುವುದು ಮುಂದಿನ ಆಫೀಸಿಗೂ ಜೊತೆಯಲ್ಲೇ ಹೋಗುತ್ತದೆ. ಇನ್ನೊಂದು ಕಾರಣ, ಈ ಬಾಸ್ ಅದಕ್ಕೆ ಮುಂಚೆ ಆಕೆಯನ್ನು ಗೌರವದಿಂದಲೇ ನಡೆಸಿಕೊಂಡಿದ್ದರು. ಅಂಥವರ ಜೊತೆ ಮಾತು ಸಾಧ್ಯ.

ಎಲ್ಲರಿಗೂ ಈ ಸಲಹೆ ಕೊಡುವುದಿಲ್ಲ. ಹಂಗಿಸುವುದೇ ಚಾಳಿಯಾಗಿದ್ದರೆ, ಮನೆಯವರನ್ನೋ ಮೈಬಣ್ಣವನ್ನೋ ಹುಟ್ಟನ್ನೋ ಎತ್ತಿ ಆಡಿದರೆ, ಕೆಲಸ ಕಳೆಯುತ್ತೇನೆ ಅಂತ ಹೆದರಿಸಿದರೆ ಒಬ್ಬರೇ ಹೋಗಬೇಡಿ. ತಾರೀಖು, ಆಡಿದ ಮಾತು, ಎದುರಿದ್ದವರ ಹೆಸರು ಬರೆದಿಟ್ಟು ಲಿಖಿತ ದೂರು ಕೊಡಿ. ಒಂದೇ ಸಲ ತಾನೇ ಅಂತ ತಳ್ಳಿಹಾಕುವವರಿಗೆ ಹೇಳಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೇ ಒಪ್ಪಂದದ ಪ್ರಕಾರ ಕೆಲಸದಲ್ಲಿ ಕಿರುಕುಳ ಅನ್ನಿಸಿಕೊಳ್ಳಲು ಅದು ಪದೇ ಪದೇ ನಡೆಯಲೇಬೇಕೆಂದಿಲ್ಲ, ಒಮ್ಮೆ ನಡೆದರೂ ಸಾಕು. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ ಮಾತ್ರ ಇದೆಲ್ಲ ಆಮೇಲೆ, ಮೊದಲು ಮನೋವೈದ್ಯರು, ಅವತ್ತೇ.

ಆಕೆ ಹೋಗಿ ಮಾತಾಡಿದರು. ಬಾಸ್ ಕ್ಷಮೆ ಕೇಳಲಿಲ್ಲ, "ಸರಿ, ನೋಡೋಣ" ಅಂದರಂತೆ. ಮುಂದಿನ ಸಲ ಏನೋ ಹೊಂದಲಿಲ್ಲ ಅಂದಾಗ ಕ್ಯಾಬಿನ್‌ಗೆ ಕರೆದು ಹೇಳಿದರು. ಆಕೆಗೆ ನಿದ್ದೆ ಮರಳಲು ಅದಾದ ಮೇಲೂ ಸಮಯ ಹಿಡಿಯಿತು.

ಬಾಸ್‌ಗಿಂತ ಹೆಚ್ಚು ನೋಯಿಸಿದ್ದು ಆ ಮೀಟಿಂಗ್‌ನಲ್ಲಿದ್ದ ಉಳಿದವರು ಅಂತ ಕೊನೆಯ ಭೇಟಿಯಲ್ಲಿ ಆಕೆ ಹೇಳಿದರು. ಯಾರೂ ಆ ಸುದ್ದಿ ಎತ್ತಲೇ ಇಲ್ಲ. ಇನ್ನಷ್ಟು ಮುಜುಗರ ಆಗದಿರಲಿ ಅಂತ ಅವರು ಸುಮ್ಮನಿದ್ದಿರಬಹುದು, ಆಕೆಗೆ ಮಾತ್ರ ಅದು ಎಲ್ಲರೂ ಬಾಸ್ ಮಾತು ಒಪ್ಪಿದಂತೆ ಕಂಡಿತು. ದಯವಿಟ್ಟು ಹಾಗೆ ಸುಮ್ಮನಿರಬೇಡಿ. ಬಾಸ್ ಜೊತೆ ಜಗಳ ಆಡಿ ಅನ್ನುತ್ತಿಲ್ಲ. ಅವತ್ತೇ ಆ ಸಹೋದ್ಯೋಗಿಯ ಹತ್ತಿರ ಹೋಗಿ, "ಅವರು ಹಾಗೆ ಹೇಳಬಾರದಿತ್ತು. ವರದಿ ಸರಿ ಮಾಡೋಕೆ ನಾನೂ ಜೊತೆಗೆ ಕೂರ್ಲಾ?" ಅಂತ ಕೇಳಿ.