ಇಬ್ಬರೂ ದುಡಿದು ತಿಂಗಳಿಗೆ 70 ಸಾವಿರ ಬಂದರೂ ಬಳ್ಳಾರಿಯಲ್ಲಿ ತಿಂಗಳ ಕೊನೆಗೆ ಕೈ ಖಾಲಿಯಾಗುವುದು ಯಾಕೆ?

ನಿಮ್ಮದು ಖರ್ಚಿನ ಕೈ ಅಂತ ಯಾರಾದರೂ ಅಂದರೆ ಬೇಜಾರು ಮಾಡ್ಕೋಬೇಡಿ. ಅಕ್ಕಿ, ಎಣ್ಣೆ, ತರಕಾರಿಯಲ್ಲಿ ಎಷ್ಟೇ ಹಿಡಿದರೂ ಉಳಿಯುವುದು ಸಾವಿರವೋ ಎರಡು ಸಾವಿರವೋ. ದೊಡ್ಡ ದುಡ್ಡು ಹೋಗುವುದು ಸಂಬಳ ಬಿದ್ದ ಕೂಡಲೇ ಕಟ್ ಆಗುವ ಕಂತುಗಳಿಗೆ. ಕಾರಿಗೆ 8 ಲಕ್ಷ ಸಾಲ, 10% ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಸುಮಾರು 17 ಸಾವಿರ. ಅದರ ಮೇಲೆ ಬಾಡಿಗೆ, ಮಕ್ಕಳ ಫೀಸು, ಊರಲ್ಲಿರುವ ಅಪ್ಪ-ಅಮ್ಮನ ಔಷಧಿ. ಇನ್ನೇನು ಉಳಿಯುತ್ತೆ ಹೇಳಿ?

ಸರ್ಕಾರದ ನೆರವೂ ಇಂಥ ಮನೆಗಳಿಗೆ ಕಮ್ಮಿ. ವರ್ಷದ ಆದಾಯ 1.2 ಲಕ್ಷ ದಾಟಿದರೆ ಬಿಪಿಎಲ್ ಕಾರ್ಡ್ ಇಲ್ಲ. ಆದಾಯ ತೆರಿಗೆ ಕಟ್ಟುವವರಿದ್ದರೆ ಗೃಹಲಕ್ಷ್ಮಿಯ 2,000 ಬರಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ನಮ್ಮದೇ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ಮೀರುತ್ತೆ. ರಾತ್ರಿಯೂ ಗೋಡೆ ಬಿಸಿಯಾಗೇ ಇರುತ್ತೆ, ಕೂಸುಗಳು ನಿದ್ದೆ ಮಾಡಲ್ಲ. ಎಸಿ ಹಾಕಿದವರನ್ನು ದುಂದುಗಾರರು ಅನ್ನೋದು ತಪ್ಪು, ಅಲ್ವಾ?

ಮೊದಲು ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಮಾನ್ಯವಾಗಿ ತಿಂಗಳಿಗೆ 3%ರ ಆಸುಪಾಸು ಬಡ್ಡಿ ಬೀಳುತ್ತೆ. ಅದು ಮುಗಿಯುವವರೆಗೆ ಹೊಸ ಕಂತು ಬೇಡ, ಮೊಬೈಲಿಗೂ ಬೇಡ.