ದೇವರ ಮೇಲೆ ಸಿಟ್ಟು ಬಂದವರು ಪ್ರಾರ್ಥನೆ ಮಾಡಬಹುದಾ? ಒಬ್ಬ ತಾಯಿಯ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರನ್ನು ಇಲ್ಲಿ ಬಾಯಮ್ಮ ಎನ್ನುತ್ತೇನೆ. ಕಾಸರಗೋಡಿನ ಕನ್ನಡ ಭಾಗದ ಒಂದು ಹಳ್ಳಿ, ಕೊಂಕಣಿ ಕಥೋಲಿಕ್ ಮನೆ, ಅರವತ್ತರ ಹತ್ತಿರದ ವಯಸ್ಸು. ಗಂಡ ತೀರಿಹೋಗಿ ವರ್ಷ ದಾಟಿದೆ. ಮಗನಿಗೆ ಮೂವತ್ತು ಕಳೆದಿದೆ, ಎದ್ದು ಕೂರಲು ಆಗುವುದಿಲ್ಲ, ಮಾತಿಲ್ಲ, ಫಿಟ್ಸ್ ಇದೆ. ಮನೆಯ ಹಿಂದೆಯೇ ಗೇರು ತೋಟದ ಗುಡ್ಡ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಗುಡ್ಡಗಳಲ್ಲಿ ಅದೂ ಒಂದು. ಮಗನ ಹೆಸರು ಸರ್ಕಾರದ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿದೆ.

ನಿದ್ದೆ ಬರುವುದಿಲ್ಲ, ತಲೆನೋವು ಎಂದು ಆಸ್ಪತ್ರೆಗೆ ಹೋದವರನ್ನು ಅಲ್ಲಿನ ನರ್ಸ್ ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದ್ದರು. ಮೊದಲು ತಲೆನೋವಿನ ಮಾತಷ್ಟೇ ಆಯಿತು. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: "ಮೇಡಂ, ನಾನು ಇಗರ್ಜಿಗೆ (ಚರ್ಚಿಗೆ) ಹೋಗುವುದು ಬಿಟ್ಟಿದ್ದೇನೆ. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಕೂಡ ಹೇಳುತ್ತಿಲ್ಲ."

ಇದನ್ನು ಹೇಳಲಿಕ್ಕೇ ಅವರು ಬಂದದ್ದು. ಮತ್ತೆ ಕೂರಿಸಿದೆ.

ನೆಂಟರೊಬ್ಬರು ಗಂಡನ ಮರಣದ ಪೂಜೆ ಮುಗಿದ ದಿನವೇ, ಯಾವ ಪಾಪಕ್ಕೋ ಈ ಶಿಕ್ಷೆ ಎಂದಿದ್ದರಂತೆ. ಎಂಡೋಸಲ್ಫಾನ್ ಸಂತ್ರಸ್ತರಿಗೆ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 5 ಲಕ್ಷ ಪರಿಹಾರ ಕೈಗೆ ಬಂದ ಮೇಲೆ ಆ ಹಣದ ಲೆಕ್ಕ ಕೇಳುವವರಿದ್ದರು, ಒಂದು ರಾತ್ರಿ ಮಗನ ಹತ್ತಿರ ಕೂರುವವರು ಇರಲಿಲ್ಲ. ಇನ್ನು ಪ್ರಾರ್ಥನೆಗೆ ಎಂದು ಮನೆಗೆ ಬಂದ ಕೆಲವರು ನಿಮ್ಮ ವಿಶ್ವಾಸ ಸಾಲದು, ಮಗನ ಮಾತ್ರೆ ನಿಲ್ಲಿಸಿ ದೇವರನ್ನೇ ನಂಬಿ ಎಂದು ಹೇಳಿ ಹೋಗಿದ್ದರು. ಬಾಯಮ್ಮ ನಿಲ್ಲಿಸಲಿಲ್ಲ, ಪುಣ್ಯ. ಆದರೆ ನಿಲ್ಲಿಸದಿದ್ದದ್ದೇ ತಪ್ಪಾ ಎಂಬ ಅಳುಕು ಉಳಿದುಬಿಟ್ಟಿತ್ತು.

ನಿಜವಾದ ಭಾರ ಹೊರಬಂದದ್ದು ಆಮೇಲಿನ ಭೇಟಿಯಲ್ಲಿ. "ಇವನು ನನಗಿಂತ ಮೊದಲು ಹೋಗಲಿ ಅಂತ ಬೇಡಿಕೊಂಡೆ ಮೇಡಂ. ತಾಯಿ ಬೇಡುವಂಥದ್ದಾ ಇದು? ಅವತ್ತಿನಿಂದ ಆಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಮುಂದೆ ನಿಲ್ಲಲು ಆಗುತ್ತಿಲ್ಲ. ಸಿಟ್ಟೂ ಬರುತ್ತದೆ. ದೇವರಿಗೆ ನಾವು ಕಾಣುವುದಿಲ್ಲವಾ?"

ಈ ಮಾತನ್ನು ನಾನು ಬೇರೆ ತಾಯಂದಿರಿಂದಲೂ ಕೇಳಿದ್ದೇನೆ. ಇದು ಮಗ ಬೇಡ ಎಂಬ ಮಾತಲ್ಲ. ನನ್ನ ನಂತರ ಇವನನ್ನು ಯಾರು ತೊಳೆಯುತ್ತಾರೆ, ಯಾರು ಉಣಿಸುತ್ತಾರೆ ಎಂಬ ಹೆದರಿಕೆ. ಹಾಗೆಯೇ ಅವರಿಗೆ ಹೇಳಿದೆ. ಜೊತೆಗೆ ನೇರವಾಗಿ ಕೇಳಿದೆ: ಮಗನಿಗೆ ಏನಾದರೂ ಮಾಡಿ ತಾನೂ ಸಾಯಬೇಕು ಅಂತ ಅನಿಸಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ, ಹಾಗಾಗುವುದಿಲ್ಲ. "ಬಂದು ಹೋಗಿದೆ. ಮಾಡುವುದಿಲ್ಲ" ಎಂದರು. ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ. ತೋಟಕ್ಕೆ ಹೊಡೆಯಲೆಂದು ಮನೆಯಲ್ಲಿಟ್ಟಿದ್ದ ವಿಷದ ಮದ್ದನ್ನು ಅವತ್ತೇ ಹೊರಗೆ ಸಾಗಿಸಲು, ರಾತ್ರಿ ತಂಗಿಯ ಮಗಳು ಬಂದು ಮಲಗಲು ವ್ಯವಸ್ಥೆ ಆಯಿತು. ಮನೋವೈದ್ಯರನ್ನೂ ಕಂಡರು. ಟೆಲಿ ಮನಸ್ 14416 ಮತ್ತು ಕೇರಳದ ದಿಶಾ 1056, ಈ ಎರಡು ಸಹಾಯವಾಣಿಗಳ ನಂಬರ್ ಬರೆದು ಗೋಡೆಗೆ ಅಂಟಿಸಿಕೊಂಡರು.

ಇನ್ನು ವಿಶ್ವಾಸದ ವಿಷಯ. ಆಪ್ತಸಲಹೆಯಲ್ಲಿ ಧರ್ಮ ಹೇರುವಂತಿಲ್ಲ, ಆದರೆ ಎದುರಿಗೆ ಕೂತವರ ಜೀವವೇ ಅದರಲ್ಲಿರುವಾಗ ಅದನ್ನು ಬದಿಗಿಟ್ಟು ಮಾತಾಡುವುದೂ ಸರಿಯಲ್ಲ, ಅಲ್ವಾ? ಅವರದೇ ಬೈಬಲ್ ತರಲು ಹೇಳಿದೆ. ಯೋಹಾನನ 9ನೇ ಅಧ್ಯಾಯ ತೆರೆದೆವು. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಕೇಳುತ್ತಾರೆ, ಯಾರು ಪಾಪ ಮಾಡಿದ್ದು, ಇವನಾ ಇವನ ತಂದೆತಾಯಿಯಾ? ಯೇಸು ಎರಡನ್ನೂ ಅಲ್ಲಗಳೆಯುತ್ತಾರೆ. ಬಾಯಮ್ಮ ಅದನ್ನು ಎಷ್ಟೋ ಸಲ ಪೂಜೆಯಲ್ಲಿ ಕೇಳಿದ್ದವರು, ಆದರೆ ತನ್ನ ಮನೆಗೆ ಹೇಳಿದ ಮಾತು ಎಂದು ಅವರಿಗೆ ತೋಚಿರಲಿಲ್ಲ.

ಆಮೇಲೆ 88ನೇ ಕೀರ್ತನೆ. ಕಷ್ಟದಲ್ಲಿ ಕೂಗುವ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲಲ್ಲೇ ಮುಗಿಯುತ್ತದೆ. ನನ್ನನ್ನು ಯಾಕೆ ತಳ್ಳಿಬಿಟ್ಟೆ ಎಂದು ದೇವರನ್ನೇ ಕೇಳುತ್ತದೆ. ಅದೂ ಪ್ರಾರ್ಥನೆಯೇ. ಬೈಬಲಿನಲ್ಲೇ ಇದೆ. ಹಾಗೆಯೇ ಬೈಬಲಿನ ಯೋಬನ ಕಥೆ: ಎಲ್ಲ ಕಳೆದುಕೊಂಡ ಅವನ ಪಕ್ಕ ಗೆಳೆಯರು ಏಳು ದಿನ ಸುಮ್ಮನೆ ಕೂತರು, ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ನಿನ್ನದೇ ತಪ್ಪಿರಬೇಕು ಎಂದು ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗುವುದು ದೂರು ಹೇಳಿದ ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಇದನ್ನು ಓದಿ ಬಾಯಮ್ಮ ಬಹಳ ಹೊತ್ತು ಅತ್ತರು. ನೆಂಟರ ನೆನಪು ಬಂದಿರಬೇಕು.

ನಾನು ಕೊಟ್ಟ ಸಲಹೆ ಇಷ್ಟು. ಇಡೀ ತೇರ್ಸ್ ಹೇಳಲು ಆಗದಿದ್ದರೆ ಬೇಡ. ರಾತ್ರಿ ಆಲ್ತಾರಿನ ಮುಂದೆ ಕೂತು ಸಿಟ್ಟು ಇದ್ದರೆ ಸಿಟ್ಟನ್ನೇ ಹೇಳಿ, ಕೊಂಕಣಿಯಲ್ಲೇ ಹೇಳಿ. ಮಾತ್ರೆ ಮಾತ್ರ ತಪ್ಪಿಸಬೇಡಿ, ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು, ಜೀವಕ್ಕೇ ಅಪಾಯ. ಮತ್ತೆ ನಿದ್ದೆ, ಊಟ. ಎಲೀಯ ಪ್ರವಾದಿ ಸಾವು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಪುನಃ ಮಲಗಿದ, ಪುನಃ ಎಬ್ಬಿಸಿ ತಿನ್ನಿಸಿದ. ಪಂಚಾಯತಿನ ಪಾಲಿಯೇಟಿವ್ (ಉಪಶಾಮಕ ಆರೈಕೆಯ) ನರ್ಸ್ ಮನೆಗೆ ಬರುವಂತೆ ಮಾಡಿದ್ದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಕೇರಳ ಸರ್ಕಾರದ ಆಶ್ವಾಸಕಿರಣಂ ಯೋಜನೆಯ ಅರ್ಜಿಯನ್ನು ವಿಚಾರಿಸಿದ್ದು, ಇದೆಲ್ಲ ನನ್ನ ಮಟ್ಟಿಗೆ ಆ ರೊಟ್ಟಿಯ ಕೆಲಸವೇ.

ಅವರ ಒಪ್ಪಿಗೆ ಪಡೆದು ಫಾದರ್ ಹತ್ತಿರವೂ ಮಾತಾಡಿದೆ. ಅವರು ಮನೆಗೇ ಬಂದರು, ಮಗನ ಪಕ್ಕ ಕೂತರು, ಜಾಸ್ತಿ ಮಾತಾಡಲಿಲ್ಲವಂತೆ. ಮಗ ಮೊದಲು ಹೋಗಲಿ ಎಂಬ ಆ ಬೇಡಿಕೆಯನ್ನು ಬಾಯಮ್ಮ ಕುಂಪ್ಸಾರಿನಲ್ಲಿ (ಫಾದರ್ ಮುಂದೆ ಮಾಡುವ ಪಾಪನಿವೇದನೆಯಲ್ಲಿ) ಹೇಳಿಕೊಂಡರು. ಈಗ ತಿಂಗಳ ಮೊದಲ ಶುಕ್ರವಾರ ಮನೆಗೇ ಪರಮಪ್ರಸಾದ ಬರುತ್ತದೆ. ವಾಡೆಯ (ಇಗರ್ಜಿಯ ವಾರ್ಡಿನ) ಇಬ್ಬರು ಹೆಂಗಸರು ಭಾನುವಾರ ಸರದಿಯಲ್ಲಿ ಮಗನ ಹತ್ತಿರ ಇರುತ್ತಾರೆ, ಇವರು ಪೂಜೆಗೆ ಹೋಗಿ ಬರುತ್ತಾರೆ. ನಿದ್ದೆ ಪರವಾಗಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ, ಹೋಗಬೇಕೆಂದು ನಾನು ಕೇಳಿಯೂ ಇಲ್ಲ.

ನನ್ನ ನಂತರ ಯಾರು ಎಂಬ ಪ್ರಶ್ನೆ ಹಾಗೆಯೇ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಇಂಥ ಮಕ್ಕಳಿಗೆ, ಹದಿನೆಂಟು ದಾಟಿದ್ದರೂ, ಕಾನೂನುಬದ್ಧ ಪೋಷಕರನ್ನು ನೇಮಿಸಲು ದಾರಿ ಇದೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ತಂಗಿಯ ಮಗಳು ಒಪ್ಪಿದ್ದಾಳೆ. ಅವಳ ಗಂಡನ ಜೊತೆ ಮಾತಾಡುವುದು ಬಾಕಿ. ಆ ಮಾತಿಗೆ ನಾನೂ ಬರಬೇಕು ಎಂದು ಬಾಯಮ್ಮ ಕೇಳಿದ್ದಾರೆ, ಬರುತ್ತೇನೆ ಎಂದಿದ್ದೇನೆ.